ಒಂದು ಚುಕ್ಕಿ, ಒಂದು ಆಣೆ ನೆಲ

ಮೂವತ್ತಮೂರು ಅಡಿ ಉದ್ದ, ಮೂವತ್ತಮೂರು ಅಡಿ ಅಗಲ ಇದ್ದರೆ ಒಂದು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ರೈತನಿಗೆ ಈ ಲೆಕ್ಕವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ರಾಗಿ ಹೊಲವೋ ಹಿಪ್ಪುನೇರಳೆ ತೋಟವೋ ಆಗಿದ್ದ ನೆಲಕ್ಕೆ ಬೆಂಗಳೂರಿನ ಗಾಳಿ ಬೀಸಿದ ಮೇಲಂತೂ ಎಕರೆಯ ಮಾತು ಹೋಗಿ ಗುಂಟೆಯ ಮಾತು ಬಂತು; ಈಗ ಅಡಿಯ ಮಾತು ನಡೆಯುತ್ತಿದೆ. ಬದುವಿನ ಜಗಳಕ್ಕೆ ಎರಡು ಅಡಿ ಧಾರಾಳವಾಗಿ ಸಾಕು.

ತಾಲ್ಲೂಕು ಕಚೇರಿಗಳ ಆಸುಪಾಸಿನಲ್ಲಿ ಪತ್ರ ಬರಹಗಾರರು, ವಕೀಲರು, ಪರವಾನಗಿ ಪಡೆದ ಭೂಮಾಪಕರು ಕಂಪ್ಯೂಟರ್ ಮುಂದೆ ಕುಳಿತಿರುವುದೂ ಈ ಎರಡು ಅಡಿಗಾಗಿಯೇ. ಇಂಥ ಸಣ್ಣ ಕಚೇರಿಯೊಂದು ತನ್ನದೇ ಡೇಟಾಬೇಸ್ ಇಟ್ಟುಕೊಂಡಿದೆ ಎಂದುಕೊಳ್ಳಿ. ಕಕ್ಷಿದಾರರ ಹೆಸರು, ಹೋಬಳಿ, ಗ್ರಾಮ, ಸರ್ವೆ ನಂಬರ್, ವಿಸ್ತೀರ್ಣ, ಚಕ್ಕುಬಂದಿ ಎಲ್ಲವನ್ನೂ ಒಮ್ಮೆ ತುಂಬಿಸಿದರೆ ಸಾಕು. ಗುಂಡಿ ಒತ್ತಿದೊಡನೆ ಒಂದೊಂದು ಸರ್ವೆ ನಂಬರಿಗೆ ಒಂದೊಂದು ಪುಟದಂತೆ ವರದಿ ಅಚ್ಚಾಗಿ ಬರುತ್ತದೆ. ಅಕ್ಷರಗಳು ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟ. ಆದರೆ ಅದೇ ಪುಟದ ಕೆಳಗೆ ಕೂರಿಸಿದ ನಕ್ಷೆ? ಹಸಿ ಕಾಗದದ ಮೇಲೆ ಶಾಯಿ ಚೆಲ್ಲಿದ ಹಾಗೆ. ಗೆರೆ ಯಾವುದು, ಮಡಿಕೆಯ ಗುರುತು ಯಾವುದು ತಿಳಿಯುವುದಿಲ್ಲ. ಪರದೆಯ ಮೇಲೆ ಚೆನ್ನಾಗಿತ್ತಲ್ಲ ಎಂದು ಕಂಪ್ಯೂಟರ್ ಹುಡುಗ ತಲೆ ಕೆರೆದುಕೊಳ್ಳುತ್ತಾನೆ.

2000ನೇ ಇಸವಿಯಲ್ಲಿ ‘ಭೂಮಿ’ ಯೋಜನೆ ಶುರುವಾದ ಮೇಲೆ ಕೈಬರಹದ ಪಹಣಿಯ ಕಾಲ ಮುಗಿಯಿತು. ಪಹಣಿ ಬರೀ ಅಕ್ಷರ ಮತ್ತು ಅಂಕಿಗಳ ವ್ಯವಹಾರವಾದ್ದರಿಂದ ಕಂಪ್ಯೂಟರಿಗೆ ಅದು ಸುಲಭದ ತುತ್ತು. ‘ಎ’ ಎಂಬ ಅಕ್ಷರವನ್ನು ಎಷ್ಟು ದೊಡ್ಡದು ಮಾಡಿದರೂ ಅದು ‘ಎ’ಯೇ. ನಕ್ಷೆಯ ಜಾತಿ ಬೇರೆ. ಸ್ಕ್ಯಾನ್ ಮಾಡಿದ ನಕ್ಷೆಯಲ್ಲಿ ಕಂಪ್ಯೂಟರಿಗೆ ಗೆರೆಯೂ ಕಾಣದು, ಬಾಂದು ಕಲ್ಲೂ ಕಾಣದು. ಅದಕ್ಕೆ ಕಾಣುವುದು ಸಾಲುಸಾಲು ಚುಕ್ಕಿಗಳು ಮಾತ್ರ. ಈ ಚುಕ್ಕಿಗೇ ಪಿಕ್ಸೆಲ್ ಎನ್ನುತ್ತಾರೆ. ಎಷ್ಟು ಚುಕ್ಕಿಗಳಿವೆಯೋ ಅಷ್ಟೇ ಬಂಡವಾಳ. ಅದನ್ನು ಎಷ್ಟು ಅಗಲದ ಕಾಗದದ ಮೇಲೆ ಹರಡುತ್ತೇವೆ ಎನ್ನುವುದರ ಮೇಲೆ ಚಿತ್ರದ ಹಣೆಬರಹ ನಿಂತಿದೆ.

ಸ್ವಲ್ಪ ಗಣಿತ ಮಾಡಿದರೆ ಇದು ಎಷ್ಟು ಗಂಭೀರ ಎಂದು ತಿಳಿಯುತ್ತದೆ. ಕರ್ನಾಟಕದ ಗ್ರಾಮ ನಕ್ಷೆಗಳ ಸಾಮಾನ್ಯ ಪ್ರಮಾಣ 1:7920. ಅಂದರೆ ನಕ್ಷೆಯ ಮೇಲಿನ ಒಂದು ಇಂಚು ನೆಲದ ಮೇಲೆ 7920 ಇಂಚು, ಅಥವಾ 660 ಅಡಿ. ಮೂವತ್ತಮೂರು ಅಡಿಯ ಸರಪಳಿಯಲ್ಲಿ ಲೆಕ್ಕ ಹಾಕಿದರೆ ಸರಿಯಾಗಿ 20 ಸರಪಳಿ. ಈ ನಕ್ಷೆಯನ್ನು ಇಂಚಿಗೆ 300 ಚುಕ್ಕಿಯಂತೆ ಸ್ಕ್ಯಾನ್ ಮಾಡಿದರೆ ಒಂದೊಂದು ಚುಕ್ಕಿ 2.2 ಅಡಿ ನೆಲವನ್ನು ನುಂಗುತ್ತದೆ. ಸರ್ವೆಯವರ ಹಳೆಯ ಸರಪಳಿಗೆ ಹದಿನಾರು ಆಣೆ. ಒಂದು ಆಣೆ ಎಂದರೆ ಎರಡು ಅಡಿ ಮುಕ್ಕಾಲು ಇಂಚು. ಹಾಗಾಗಿ ಒಂದು ಚುಕ್ಕಿಗೆ ಒಂದು ಆಣೆ ನೆಲ, ಮೇಲೆ ಸ್ವಲ್ಪ ಕೊಸರು. ಪರದೆಗೆ ಸಾಕು ಎಂದು ಅದೇ ನಕ್ಷೆಯನ್ನು ಇಂಚಿಗೆ 96 ಚುಕ್ಕಿಗೆ ಇಳಿಸಿದರೆ ಒಂದು ಚುಕ್ಕಿಯೊಳಗೆ ಸುಮಾರು ಏಳು ಅಡಿ ಅಡಗಿ ಕೂರುತ್ತದೆ. ಏಳು ಅಡಿ ಎಂದರೆ ಎತ್ತಿನ ಗಾಡಿ ಹೋಗುವ ದಾರಿ!

ಇನ್ನೊಂದು ಕಡೆಯಿಂದ ನೋಡಿ. ಮೂರು ಎಕರೆಯ ಚೌಕಾಕಾರದ ಹೊಲವೊಂದು ಸಾತನೂರಿನ ಕಡೆಯೋ ಕುದೂರಿನ ಕಡೆಯೋ ಇದೆ. ಅದರ ಒಂದು ಮಗ್ಗುಲು ಸುಮಾರು 361 ಅಡಿ. ಗ್ರಾಮ ನಕ್ಷೆಯ ಮೇಲೆ ಅದು ಅರ್ಧ ಇಂಚಿಗಿಂತ ತುಸು ಹೆಚ್ಚು, ಒಂದು ರೂಪಾಯಿ ನಾಣ್ಯಕ್ಕಿಂತಲೂ ಚಿಕ್ಕದು. ಇಂಚಿಗೆ 300ರಂತೆ ಸ್ಕ್ಯಾನ್ ಮಾಡಿದರೆ ಇಡೀ ಹೊಲದ ಅಗಲಕ್ಕೆ ಸಿಗುವ ಚುಕ್ಕಿಗಳು 164 ಮಾತ್ರ. ಕಕ್ಷಿದಾರನಿಗೆ ಚೆನ್ನಾಗಿ ಕಾಣಲಿ ಎಂದು ವರದಿಯಲ್ಲಿ ಅದನ್ನು ಐದು ಇಂಚಿನ ಚೌಕಟ್ಟಿಗೆ ಹಿಗ್ಗಿಸಿದರೆ ಇಂಚಿಗೆ 33 ಚುಕ್ಕಿಯೂ ಸಿಗುವುದಿಲ್ಲ. ಮಸುಕಾಗದೆ ಇನ್ನೇನಾದೀತು? ಸ್ಕ್ಯಾನರ್ ಒಳ್ಳೆಯದಿತ್ತು, ಪ್ರಿಂಟರ್ ಹೊಸದಿತ್ತು ಎಂಬ ಮಾತುಗಳೆಲ್ಲ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ರಾಮನಗರದವರಿಗೆ ಈ ಹಿಗ್ಗಿಸುವ ಕಸರತ್ತು ಹೊಸದಲ್ಲ. ರಾಮದೇವರ ಬೆಟ್ಟದ ಬಂಡೆಗಳ ನಡುವೆ ಚಿತ್ರೀಕರಣಗೊಂಡು 1975ರಲ್ಲಿ ತೆರೆ ಕಂಡ ‘ಶೋಲೆ’ಯನ್ನು ಜನ 70 ಎಂ.ಎಂ. ಚಿತ್ರವೆಂದೇ ನೋಡಿದರು. ಕ್ಯಾಮೆರಾದೊಳಗೆ ಓಡಿದ್ದು 35 ಎಂ.ಎಂ. ರೀಲು, ಆಮೇಲೆ ಅದನ್ನು 70ಕ್ಕೆ ಹಿಗ್ಗಿಸಿದರು. ಹಾಗೆ ಹಿಗ್ಗಿಸಿದಾಗ ಬಂಡೆ ದೊಡ್ಡದಾಗುತ್ತದೆ, ರೀಲಿನ ಕಣವೂ ದೊಡ್ಡದಾಗುತ್ತದೆ. ಬಂಡೆಯ ಮೇಲೆ ಮೊದಲು ಕಾಣದಿದ್ದ ಬಿರುಕೊಂದು ಹೊಸದಾಗಿ ಕಾಣಿಸಿಕೊಳ್ಳುವುದಿಲ್ಲ. ಸಿನಿಮಾದಲ್ಲಿ ಗಬ್ಬರ್ ಸಿಂಗನ ಮುಖ ಸ್ವಲ್ಪ ಕಾಳುಕಾಳಾದರೆ ಅದೂ ಒಂದು ಕಳೆ ಎನ್ನಬಹುದು. ಬದುವಿನ ಗೆರೆ ಕಾಳಾದರೆ ಕಳೆ ಎನ್ನುವವರು ಯಾರು?

ದಾರಿ ಸರಳವಾಗಿದೆ. ಮೊದಲು ವರದಿಯ ಪುಟದಲ್ಲಿ ಚಿತ್ರದ ಚೌಕಟ್ಟು ಎಷ್ಟು ಇಂಚು ಎಂದು ತೀರ್ಮಾನಿಸಬೇಕು. ಆಮೇಲೆ ಸ್ಕ್ಯಾನರಿಗೆ ಕೈ ಹಾಕಬೇಕು. ಅಚ್ಚಿನಲ್ಲಿ ಇಂಚಿಗೆ 300 ಚುಕ್ಕಿ ಇದ್ದರೆ ಕಣ್ಣಿಗೆ ಕೊರತೆ ಎನಿಸುವುದಿಲ್ಲ. ಅರ್ಧ ಇಂಚು ಚಿಲ್ಲರೆಯ ಹೊಲವನ್ನು ಎರಡು ಇಂಚಿಗೆ ಹಿಗ್ಗಿಸುವುದಾದರೆ ಸ್ಕ್ಯಾನರ್ ಇಂಚಿಗೆ ಸುಮಾರು 1100 ಚುಕ್ಕಿ ಹಿಡಿಯಬೇಕಾಗುತ್ತದೆ; ಯಂತ್ರದಲ್ಲಿರುವ 1200 ಎಂಬ ಆಯ್ಕೆ ಸರಿಹೊಂದುತ್ತದೆ. ಇಡೀ ನಕ್ಷೆಯನ್ನು 1200ರಲ್ಲಿ ಹಿಡಿಯಹೋದರೆ ಕಂಪ್ಯೂಟರ್ ಕಣ್ಣು ಕಣ್ಣು ಬಿಡುತ್ತದೆ. ಬೇಕಾದ ಸರ್ವೆ ನಂಬರ್ ಮತ್ತು ಸುತ್ತಲಿನ ನೆರೆ ಹೊಲಗಳಷ್ಟನ್ನು ಕತ್ತರಿಸಿಕೊಂಡರೆ ಸಾಕು. ಐದು ಇಂಚಿನ ಆಸೆ ಬಿಡುವುದು ಒಳ್ಳೆಯದು. ಏಕೆಂದರೆ 1200ರ ಆಚೆಗೆ ಹೋದರೆ ನಕ್ಷೆಯ ಗೆರೆಗಿಂತ ಕಾಗದದ ನಾರೇ ಚೆನ್ನಾಗಿ ಕಾಣತೊಡಗುತ್ತದೆ.

ಇಷ್ಟೆಲ್ಲ ಮಾಡಿದರೂ ಚಿತ್ರದ ಮೇಲೆ ಸ್ಕೇಲ್ ಇಟ್ಟು ಜಮೀನು ಅಳೆಯಬಾರದು. 0.3 ಮಿಲಿಮೀಟರ್ ದಪ್ಪದ ಲೇಖನಿಯ ಗೆರೆಯೇ ಈ ಪ್ರಮಾಣದಲ್ಲಿ ಹೆಚ್ಚುಕಡಿಮೆ ಎಂಟು ಅಡಿ ಆಗುತ್ತದೆ. ಗೆರೆಯ ಆಚೆ ಅಂಚೋ ಈಚೆ ಅಂಚೋ ಎಂಬ ಪ್ರಶ್ನೆಗೆ ನಕ್ಷೆಯಲ್ಲಿ ಉತ್ತರವಿಲ್ಲ. ನಿಜವಾದ ಅಳತೆ ಇರುವುದು ಸರ್ವೆಯ ಟಿಪ್ಪಣಿಯಲ್ಲಿ, ಸರಪಳಿ–ಆಣೆಗಳಲ್ಲಿ ಬರೆದಿಟ್ಟ ಅಂಕಿಗಳ ರೂಪದಲ್ಲಿ. ಆದ್ದರಿಂದ ವರದಿಯಲ್ಲಿ ನಕ್ಷೆಗಿಂತ ಹೆಚ್ಚು ಜೋಪಾನ ಮಾಡಬೇಕಾದದ್ದು ಟಿಪ್ಪಣಿಯ ಚಿತ್ರವನ್ನು. ಕನ್ನಡದ ೬ಕ್ಕೂ ೭ಕ್ಕೂ ಇರುವ ವ್ಯತ್ಯಾಸ ಒಂದು ಬಾಲದ ತಿರುವು. ಸೊನ್ನೆಯ ಸುತ್ತು ಒಂದೆಡೆ ಬಾಯಿ ಬಿಟ್ಟರೆ ಅದು ೧. ಚುಕ್ಕಿ ಕಡಿಮೆಯಾದಾಗ ಮೊದಲು ಸಾಯುವುದು ಇಂಥ ತಿರುವುಗಳೇ.

ಓದಲಾಗದ ಅಂಕಿಯಾದರೂ ವಾಸಿ. ಯಾರಾದರೂ ಮೂಲವನ್ನು ತೆಗೆಸಿ ನೋಡುತ್ತಾರೆ. ಸ್ಪಷ್ಟವಾಗಿ ಓದಬಹುದಾದ ತಪ್ಪು ಅಂಕಿ ಇದ್ದರೆ? 2013ರಲ್ಲಿ ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಕ್ರೀಸೆಲ್ ಇಂಥದ್ದನ್ನೇ ಹಿಡಿದುಕೊಟ್ಟ. ಕಟ್ಟಡದ ನಕ್ಷೆಯೊಂದನ್ನು ಝೆರಾಕ್ಸ್ ಕಂಪನಿಯ ದೊಡ್ಡ ಯಂತ್ರದಲ್ಲಿ ಹಾಕಿ ತೆಗೆದಾಗ ಮೂರು ಕೋಣೆಗಳ ವಿಸ್ತೀರ್ಣವೂ 14.13 ಚದರ ಮೀಟರ್ ಎಂದು ಬಂದಿತ್ತು. ಮೂಲದಲ್ಲಿದ್ದದ್ದು 14.13, 21.11 ಮತ್ತು 17.42. ಕಡತವನ್ನು ಚಿಕ್ಕದು ಮಾಡುವ ಹುಮ್ಮಸ್ಸಿನಲ್ಲಿ ಯಂತ್ರ ಒಂದೇ ತರಹ ಕಾಣುವ ತುಣುಕುಗಳನ್ನು ಗುರುತಿಸಿ, ಒಂದರ ಪ್ರತಿಯನ್ನೇ ಉಳಿದ ಕಡೆಗಳಿಗೂ ಅಂಟಿಸುತ್ತಿತ್ತು. ಅಂಕಿ ಮಸುಕಾಗಿರಲಿಲ್ಲ, ಅಚ್ಚುಕಟ್ಟಾಗಿಯೇ ಇತ್ತು. ಆ ಅಚ್ಚುಕಟ್ಟೇ ಅಪಾಯ. ಕಂಪನಿ ಆಮೇಲೆ ತನ್ನ ಯಂತ್ರಗಳ ತಂತ್ರಾಂಶವನ್ನು ತಿದ್ದಬೇಕಾಯಿತು.

ಚಿತ್ರವನ್ನು ಚಿಕ್ಕದು ಮಾಡುವ ವಿದ್ಯೆಯಲ್ಲಿ ಕರ್ನಾಟಕದ ಪಾಲೂ ಇದೆ ಎಂದರೆ ಹಲವರಿಗೆ ಆಶ್ಚರ್ಯವಾದೀತು. ಮೊಬೈಲ್ ಫೋಟೋಗಳಲ್ಲಿ ದಿನವೂ ಕಾಣುವ ಜೆಪಿಇಜಿ ವಿಧಾನದ ತಿರುಳಿನಲ್ಲಿರುವ ಗಣಿತವನ್ನು 1974ರಲ್ಲಿ ಇಬ್ಬರು ಸಹಲೇಖಕರೊಡನೆ ಪ್ರಕಟಿಸಿದ ನಾಸಿರ್ ಅಹಮದ್ ಹುಟ್ಟಿದ್ದು ಬೆಂಗಳೂರಿನಲ್ಲಿ, ಎಂಜಿನಿಯರಿಂಗ್ ಓದಿದ್ದು ಅಲ್ಲಿನ ವಿಶ್ವೇಶ್ವರಯ್ಯ ಕಾಲೇಜಿನಲ್ಲಿ. ಜೆಪಿಇಜಿ ಚಿತ್ರವನ್ನು ಎಂಟು ಚುಕ್ಕಿ ಉದ್ದ, ಎಂಟು ಚುಕ್ಕಿ ಅಗಲದ ಚೌಕಗಳಾಗಿ ಕತ್ತರಿಸುತ್ತದೆ. ಒಂದೊಂದು ಚೌಕದಲ್ಲೂ ಕಣ್ಣು ಅಷ್ಟಾಗಿ ಗಮನಿಸದ ನವಿರು ಏರಿಳಿತಗಳನ್ನು ಕೈಬಿಡುತ್ತದೆ. ಮುಖ, ಮರ, ಮೋಡಗಳಿಗೆ ಇದು ಸೊಗಸಾಗಿ ಒಗ್ಗುತ್ತದೆ. ಬಿಳಿಯ ಮೇಲೆ ಕಪ್ಪು ಗೆರೆ, ಕಪ್ಪು ಅಂಕಿ ಇದ್ದರೆ ಮಾತ್ರ ಅಂಚಿನ ಸುತ್ತ ನೊಣ ಮುತ್ತಿದಂತೆ ಬೂದು ಕಲೆಗಳು ಏಳುತ್ತವೆ. ತೆರೆದು, ತಿದ್ದಿ, ಮತ್ತೆ ಉಳಿಸಿದಾಗಲೆಲ್ಲ ಇನ್ನಷ್ಟು ನೊಣ. ನಕ್ಷೆ, ಟಿಪ್ಪಣಿಗಳನ್ನು ಪಿಎನ್‌ಜಿ ಅಥವಾ ಟಿಫ್ ರೂಪದಲ್ಲಿಯೇ ಇಡಬೇಕು. ಇವೂ ಕಡತವನ್ನು ಚಿಕ್ಕದು ಮಾಡುತ್ತವೆ, ಆದರೆ ಸಾಮಾನ್ಯ ಬಳಕೆಯಲ್ಲಿ ಒಂದು ಚುಕ್ಕಿಯನ್ನೂ ಕೈಬಿಡುವುದಿಲ್ಲ. ಕಪ್ಪು–ಬಿಳುಪು ಎರಡೇ ಬಣ್ಣಕ್ಕೆ ಇಳಿಸಿದರೆ ಕಡತ ಇನ್ನೂ ಹಗುರವಾಗುತ್ತದೆ ನಿಜ. ಹಳೆಯ ಕಾಗದದ ಮೇಲಿನ ತೆಳು ಪೆನ್ಸಿಲ್ ಗುರುತು ಅಳಿಸಿಹೋಗುವುದರಿಂದ ಬೂದು ಛಾಯೆಗಳನ್ನು ಉಳಿಸಿಕೊಳ್ಳುವುದೇ ಕ್ಷೇಮ.

ಸ್ಕ್ಯಾನ್ ಮಾಡಿದ ಕಡತ ಡೇಟಾಬೇಸ್ ಮುಟ್ಟುವ ಮೊದಲೇ ಹಾಳಾಗುವುದೂ ಉಂಟು. ಮುಖ್ಯ ಆರೋಪಿ ವಾಟ್ಸ್‌ಆ್ಯಪ್. ಫೋಟೋ ಎಂದು ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸಿ, ಜೆಪಿಇಜಿ ಮಾಡಿ ತಲುಪಿಸುತ್ತದೆ. ಹಳ್ಳಿಯಿಂದ ಕಕ್ಷಿದಾರ ಕಳಿಸಿದ ಟಿಪ್ಪಣಿಯ ನಕಲು ಹೀಗೆ ಬಂದಿದ್ದರೆ ಮುಂದೆ ಯಾವ ತಂತ್ರವೂ ಅದನ್ನು ಎಬ್ಬಿಸಲಾರದು. ಅದನ್ನೇ ‘ಡಾಕ್ಯುಮೆಂಟ್’ ಎಂದು ಕಳಿಸಿದರೆ ಇದ್ದದ್ದು ಇದ್ದಂತೆ ಬರುತ್ತದೆ.

ಇನ್ನು ಡೇಟಾಬೇಸಿನ ಒಳಗಿನ ಕಥೆ. ಸಣ್ಣ ಕಚೇರಿಗಳಲ್ಲಿ ಮೈಕ್ರೋಸಾಫ್ಟ್ ಆ್ಯಕ್ಸೆಸ್ ಬಹಳ ಕಾಲದಿಂದ ನೆಲೆಯೂರಿದೆ. ಅದರ ಹಳೆಯ ಪದ್ಧತಿಯಲ್ಲಿ ಚಿತ್ರವನ್ನು ‘ಓಎಲ್‌ಇ ಆಬ್ಜೆಕ್ಟ್’ ಎಂಬ ಅಂಕಣದೊಳಗೆ ತುರುಕುತ್ತಿದ್ದರು. ಚಿತ್ರದ ಜೊತೆಗೆ ಅದರ ಬಿಟ್‌ಮ್ಯಾಪ್ ಪ್ರತಿಯೂ ಸೇರಿಕೊಂಡು ಅರ್ಧ ಎಂ.ಬಿ. ಚಿತ್ರ ಹತ್ತಾರು ಎಂ.ಬಿ. ಆಗಿ ಊದುತ್ತಿತ್ತು. 2007ರ ಆವೃತ್ತಿಯಲ್ಲಿ ಬಂದ ‘ಅಟ್ಯಾಚ್‌ಮೆಂಟ್’ ಆ ಕಾಟವನ್ನು ತಪ್ಪಿಸಿತು. ಆದರೆ ಆ್ಯಕ್ಸೆಸ್ ಕಡತ ಎರಡು ಜಿ.ಬಿ.ಗಿಂತ ದೊಡ್ಡದಾಗುವಂತಿಲ್ಲ ಎಂಬ ಮಿತಿ ಹಾಗೆಯೇ ಉಳಿದಿದೆ. ನೂರಾರು ನಕ್ಷೆಗಳನ್ನು ಒಳಗೇ ಇಟ್ಟರೆ ಆ ಗಡಿ ಬೇಗ ಬರುತ್ತದೆ.

ಅದಕ್ಕೇ ಅನುಭವಿಗಳು ಚಿತ್ರವನ್ನು ಒಳಗೆ ಇಡುವುದೇ ಇಲ್ಲ. ನಕ್ಷೆಗಳೆಲ್ಲ ಹೊರಗೆ ಒಂದು ಫೋಲ್ಡರಿನಲ್ಲಿ, ಹೋಬಳಿ–ಗ್ರಾಮ–ಸರ್ವೆ ನಂಬರ್ ಎಂಬ ಕ್ರಮದ ಹೆಸರಿನಲ್ಲಿ ಕೂತಿರುತ್ತವೆ. ಡೇಟಾಬೇಸಿನಲ್ಲಿ ಇರುವುದು ಅವುಗಳ ವಿಳಾಸ ಮಾತ್ರ. ವರದಿಯಲ್ಲಿ ಒಂದು ‘ಇಮೇಜ್’ ಚೌಕಟ್ಟು ಇಟ್ಟು ಅದರ ‘ಕಂಟ್ರೋಲ್ ಸೋರ್ಸ್’ ಜಾಗದಲ್ಲಿ ಆ ವಿಳಾಸದ ಅಂಕಣವನ್ನು ಸೂಚಿಸಿದರೆ, ಪ್ರತಿ ಪುಟ ಅಚ್ಚಾಗುವಾಗಲೂ ಆ್ಯಕ್ಸೆಸ್ ಹೊರಗೆ ಹೋಗಿ ಮೂಲ ಕಡತವನ್ನೇ ಎತ್ತಿ ತರುತ್ತದೆ. ಕ್ರಿಸ್ಟಲ್ ರಿಪೋರ್ಟ್ಸ್ ಬಳಸುವವರಿಗೂ ಚಿತ್ರದ ವಿಳಾಸವನ್ನು ಹೀಗೆ ಸೂತ್ರದಿಂದ ಕೊಡುವ ಸೌಕರ್ಯ ಇದೆ. ತೊಡಕು ಒಂದೇ: ಯಾರೋ ಶುಚಿ ಮಾಡುವ ಉತ್ಸಾಹದಲ್ಲಿ ಫೋಲ್ಡರಿನ ಹೆಸರು ಬದಲಿಸಿದರೆ ಎಲ್ಲ ಪುಟಗಳೂ ಬೋಳು. ಡೇಟಾಬೇಸನ್ನು ಪೆನ್‌ಡ್ರೈವಿಗೆ ನಕಲು ಮಾಡಿ ಫೋಲ್ಡರ್ ಮರೆತರೂ ಅದೇ ಗತಿ.

ಚೌಕಟ್ಟಿನ ಗುಣವನ್ನೂ ನೋಡಬೇಕು. ‘ಸ್ಟ್ರೆಚ್’ ಎಂದು ಇಟ್ಟರೆ ಚಿತ್ರ ಚೌಕಟ್ಟು ತುಂಬುವ ಹಾಗೆ ಎಳೆದಾಡಲ್ಪಟ್ಟು ಚೌಕದ ಹೊಲ ಉದ್ದನೆಯ ಪಟ್ಟಿ ಆಗುತ್ತದೆ. ಜಮೀನಿನ ವಿಷಯದಲ್ಲಿ ಇದು ಮಸುಕಿಗಿಂತ ದೊಡ್ಡ ಅಪರಾಧ. ‘ಕ್ಲಿಪ್’ ಅಂಚನ್ನು ಕತ್ತರಿಸಿಬಿಡಬಹುದು. ‘ಝೂಮ್’ ಒಂದೇ ಆಕಾರವನ್ನು ಕಾಪಾಡುತ್ತದೆ.

ಕೊನೆಯ ಕಳ್ಳ ಪಿಡಿಎಫ್. ವರದಿಯನ್ನು ಪಿಡಿಎಫ್ ಮಾಡುವಾಗ ಆ್ಯಕ್ಸೆಸ್ ‘ಸ್ಟ್ಯಾಂಡರ್ಡ್’ ಮತ್ತು ‘ಮಿನಿಮಮ್ ಸೈಜ್’ ಎಂದು ಎರಡು ಆಯ್ಕೆ ಕೊಡುತ್ತದೆ. ಎರಡನೆಯದನ್ನು ಒತ್ತಿದರೆ ಇಷ್ಟು ಹೊತ್ತಿನ ಶ್ರಮ ನೀರಿಗೆ ಹೋದಂತೆ. ಉಚಿತವಾಗಿ ಸಿಗುವ ಲಿಬ್ರೆ ಆಫೀಸ್ ಪಿಡಿಎಫ್ ಮಾಡುವಾಗ ತಾನಾಗಿಯೇ ಚಿತ್ರಗಳನ್ನು 90 ಗುಣಮಟ್ಟದ ಜೆಪಿಇಜಿಗೆ ತಿರುಗಿಸಿ ಇಂಚಿಗೆ 300 ಚುಕ್ಕಿಗೆ ಇಳಿಸುತ್ತದೆ. ಅಲ್ಲೇ ಇರುವ ‘ಲಾಸ್‌ಲೆಸ್’ ಎಂಬುದನ್ನು ಆರಿಸಿದರೆ ನೊಣದ ಕಾಟವಿಲ್ಲ. ವರದಿಯನ್ನು ವರ್ಡ್‌ಗೆ ಸಾಗಿಸಿ ಅಂದಗೊಳಿಸುವ ಚಾಳಿ ಇರುವವರು ಅದರ ಆಯ್ಕೆಗಳ ಪಟ್ಟಿಯಲ್ಲಿ ಚಿತ್ರಗಳನ್ನು ಕುಗ್ಗಿಸಬೇಡ ಎಂಬ ಚೌಕಕ್ಕೆ ಮೊದಲು ಟಿಕ್ ಹಾಕಬೇಕು.

ಎಲ್ಲ ಚಿತ್ರಕ್ಕೂ ಇಷ್ಟು ಮಡಿ ಬೇಕಿಲ್ಲ. ಭೌಗೋಳಿಕ ಸೂಚಕ ಪಡೆದ ಚನ್ನಪಟ್ಟಣದ ಆಟಿಕೆಗಳನ್ನೇ ತೆಗೆದುಕೊಳ್ಳಿ. ಹಾಲೆ ಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿ, ಹೊಳಪು ಬರಿಸಿದ ಬುಗುರಿ, ಗಿಲಕಿ, ತೂಗುಕುದುರೆಗಳ ದರಪಟ್ಟಿಯನ್ನು ವರ್ತಕರು ಇದೇ ಡೇಟಾಬೇಸ್ ವರದಿಯಲ್ಲಿ ತಯಾರಿಸಬಹುದು. ಇಲ್ಲಿ ತೊಂದರೆ ತಿರುಗುಮುರುಗು: ಚುಕ್ಕಿಗಳು ಕಡಿಮೆಯಲ್ಲ, ವಿಪರೀತ. ಮೊಬೈಲ್ ಕೊಡುವ ಫೋಟೋ 4000 ಚುಕ್ಕಿ ಅಗಲ. ದರಪಟ್ಟಿಯ ಚೌಕಟ್ಟು ಮೂರು ಇಂಚು, ಬೇಕಾದದ್ದು 900. ಐದು ಎಂ.ಬಿ.ಯ ನಾನೂರು ಫೋಟೋಗಳನ್ನು ಹಾಗೇ ಒಳಗೆ ಸುರಿದರೆ ಎರಡು ಜಿ.ಬಿ. ಮುಗಿದೇ ಹೋಯಿತು. ಆಟಿಕೆಯ ನುಣುಪು ಮೈಗೆ ಜೆಪಿಇಜಿ ಚೆನ್ನಾಗಿ ಒಗ್ಗುವುದರಿಂದ, ಮೂಲವನ್ನು ಬೇರೆಡೆ ಜೋಪಾನವಾಗಿಟ್ಟು 900 ಚುಕ್ಕಿಯ ಪ್ರತಿಯನ್ನು ವರದಿಗೆ ಕೊಟ್ಟರೆ ಸಾಕು. ಅರಗಿನ ಕೆಂಪು ಕಾಗದದ ಮೇಲೆ ಪರದೆಯಷ್ಟು ಹೊಳೆಯುವುದಿಲ್ಲ ಎಂಬುದು ಮಾತ್ರ ಪ್ರಿಂಟರಿನ ಶಾಯಿಗೆ ಸಂಬಂಧಪಟ್ಟ ಬೇರೆ ಗೋಳು.

ಹೊಸ ಅಳತೆಗಳ ವಿಷಯದಲ್ಲಿ ಈ ಪಾಡು ಹಗುರವಾಗುತ್ತಿದೆ. 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಹಳ್ಳಿಯ ವಾಸದ ಜಾಗಗಳಿಗೆ ತಯಾರಿಸುವ ನಕ್ಷೆಯ ಪ್ರಮಾಣ 1:500. ಇಂಚಿಗೆ 300 ಚುಕ್ಕಿಯಲ್ಲಿ ಅಚ್ಚು ಮಾಡಿದರೆ ಒಂದು ಚುಕ್ಕಿಗೆ ಎರಡು ಇಂಚು ನೆಲವೂ ಇಲ್ಲ. ಎಲೆಕ್ಟ್ರಾನಿಕ್ ಉಪಕರಣದಲ್ಲಿ ಅಳೆದ ಹೊಸ ನಕ್ಷೆಗಳನ್ನಂತೂ ಚುಕ್ಕಿಗಳಿಗೆ ಇಳಿಸುವ ಗೋಜೇ ಬೇಡ. ಮೂಲೆಗಳ ಸ್ಥಾನವನ್ನು ಅಂಕಿಗಳಲ್ಲೇ ಇಟ್ಟು ಗೆರೆಯನ್ನು ಗೆರೆಯಾಗಿಯೇ ಎಳೆಸುವ ವೆಕ್ಟರ್ ವಿಧಾನದಲ್ಲಿ, ಅಕ್ಷರದ ಹಾಗೆ, ಎಷ್ಟು ಹಿಗ್ಗಿಸಿದರೂ ಮಸುಕಿಲ್ಲ. ಆದರೆ ಹಳೆಯ ಟಿಪ್ಪಣಿ ಹಳೆಯದೇ. 2024ರಲ್ಲಿ ರಾಜ್ಯ ಸರ್ಕಾರ ಭೂ ಸುರಕ್ಷಾ ಯೋಜನೆಯಡಿ ಹಳೆಯ ಭೂದಾಖಲೆಗಳನ್ನು ಸ್ಕ್ಯಾನ್ ಮಾಡಿಸಲು ಆರಂಭಿಸಿದ್ದು ಅವು ನುಸಿಗೆ, ತೇವಕ್ಕೆ ಬಲಿಯಾಗಬಾರದೆಂದೇ.

ಈ ಸೀಮೆಯಲ್ಲಿ ಇನ್ನೊಂದು ವಿಚಿತ್ರವಿದೆ. ಒಂದೇ ಹೊಲ ಬೆಂಗಳೂರು ಜಿಲ್ಲೆಯಲ್ಲಿತ್ತು. 1986ರಲ್ಲಿ ಬೆಂಗಳೂರು ಗ್ರಾಮಾಂತರಕ್ಕೆ ಸೇರಿತು. 2007ರಲ್ಲಿ ರಾಮನಗರ ಜಿಲ್ಲೆ ಆಯಿತು. 2025ರಲ್ಲಿ ಜಿಲ್ಲೆಯ ಹೆಸರೇ ಬೆಂಗಳೂರು ದಕ್ಷಿಣ ಎಂದಾಯಿತು. ಡೇಟಾಬೇಸಿನಲ್ಲಿ ಒಂದು ಕಡೆ ತಿದ್ದಿದರೆ ಸಾವಿರ ಪುಟಗಳ ತಲೆಬರಹ ಬದಲಾಗುತ್ತದೆ. ಚಿತ್ರದೊಳಗಿನ ಹಳೆಯ ಹೆಸರು ಬದಲಾಗುವುದಿಲ್ಲ, ಬದಲಾಗಲೂಬಾರದು. ಫೋಟೋ ತಿದ್ದುವ ತಂತ್ರಾಂಶ ಹಿಡಿದು ನಕ್ಷೆಯ ಮೇಲಿನ ಜಿಲ್ಲೆಯ ಹೆಸರನ್ನು ‘ಸರಿ’ ಮಾಡಲು ಹೊರಡುವ ಉತ್ಸಾಹಿಗಳನ್ನು ತಡೆಯುವುದು ಕಚೇರಿಯ ಯಜಮಾನನ ಕೆಲಸ.

ನೂರು ಪುಟ ಒಟ್ಟಿಗೆ ಅಚ್ಚು ಹಾಕುವ ಮೊದಲು ಎಲ್ಲಕ್ಕಿಂತ ಹಳೆಯ, ಎಲ್ಲಕ್ಕಿಂತ ಹದಗೆಟ್ಟ ಟಿಪ್ಪಣಿಯ ಪುಟವೊಂದನ್ನು ತೆಗೆದು ಮೂಲದ ಪಕ್ಕದಲ್ಲಿಟ್ಟು ಭೂತಗನ್ನಡಿಯಲ್ಲಿ ನೋಡಬೇಕು. ೬ ಎಲ್ಲಿದೆ, ೭ ಎಲ್ಲಿದೆ ಎಂದು ಒಬ್ಬರು ಮೂಲದಿಂದ ಓದಿ ಹೇಳಿ, ಇನ್ನೊಬ್ಬರು ಅಚ್ಚಿನಲ್ಲಿ ಬೆರಳಿಟ್ಟು ತೋರಿಸಬೇಕು. ಪ್ರತಿ ಚಿತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ಕಡತದ ಹೆಸರು, ಸ್ಕ್ಯಾನ್ ಮಾಡಿದ ದಿನಾಂಕ, ಇಂಚಿಗೆ ಎಷ್ಟು ಚುಕ್ಕಿ ಎಂಬುದು ಅಚ್ಚಾಗುವ ಹಾಗೆ ಮೂರು ಅಂಕಣ ಸೇರಿಸಲು ಹತ್ತು ನಿಮಿಷ ಸಾಕು. ಹದ್ದುಬಸ್ತಿಗೆ ಬಂದ ದಿನ ನೆರೆಯ ಹೊಲದವನೂ ಒಂದು ಕಾಗದ ಹಿಡಿದುಕೊಂಡೇ ಬಂದಿರುತ್ತಾನೆ.